ರಾತ್ರಿ ಜೋಮು ಹಿಡಿಯುವ ಬೆರಳುಗಳು

ಪ್ರಶ್ನೆ: ನನಗೆ 28 ವರ್ಷ, ಚೊಚ್ಚಲ ಬಸುರಿ. ಎಂಟು ತಿಂಗಳು ತುಂಬುತ್ತಿದೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಈಚೆಗೆ ನಡುರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸ್ವಲ್ಪ ಹಗುರ. ಬೆಳಿಗ್ಗೆ ಬೆರಳು ಮಡಚಲಾಗದೆ ಕಾಫಿ ಲೋಟ ಕೈಜಾರುತ್ತದೆ. ಅತ್ತೆ ಇದು ವಾಯು ಎಂದು ಎಣ್ಣೆ ಹಚ್ಚಿ ನೀವುತ್ತಾರೆ. ಯಜಮಾನರ ಸೊಂಟನೋವಿನ ಡೈಕ್ಲೋಫೆನಾಕ್ ಮಾತ್ರೆ ನಾನೂ ನುಂಗಬಹುದೇ?
– ಓದುಗರು, ಹಾಸನ

ಉತ್ತರ: ಆ ಮಾತ್ರೆ ಬೇಡವೇ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಔಷಧಗಳಿಂದ 20 ವಾರದ ನಂತರ ಗರ್ಭದ ನೀರು ಕಡಿಮೆಯಾಗಬಹುದು. ಕೊನೆಯ ತಿಂಗಳುಗಳಲ್ಲಂತೂ, ಹುಟ್ಟಿದ ಮೇಲೆ ಮುಚ್ಚಬೇಕಾದ ಮಗುವಿನ ಹೃದಯದ ಬಳಿಯ ರಕ್ತನಾಳ ಹೊಟ್ಟೆಯಲ್ಲಿದ್ದಾಗಲೇ ಕುಗ್ಗುವ ಅಪಾಯವಿದೆ. ನೋವಿಗೆ ಹಚ್ಚುವ ಎಷ್ಟೋ ಜೆಲ್‌ಗಳಲ್ಲಿಯೂ ಇದೇ ಔಷಧವಿರುತ್ತದೆ. ವೈದ್ಯರನ್ನು ಕೇಳದೆ ಹಚ್ಚಬೇಡಿ. ತಡೆಯಲಾಗದ ನೋವಿದ್ದರೆ ಪ್ಯಾರಸಿಟಮಾಲ್, ಅದೂ ನಿಮ್ಮ ವೈದ್ಯರು ಹೇಳಿದಷ್ಟೇ.

ಈಗ ಒಂದು ಪರೀಕ್ಷೆ. ಜೋಮು ಬಂದಾಗ ಕಿರುಬೆರಳನ್ನು ಮುಟ್ಟಿ ನೋಡಿ. ಅದೊಂದು ಸರಿಯಿದ್ದು, ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದ್ದರೆ ಇದು ಬಹುಮಟ್ಟಿಗೆ ಕಾರ್ಪಲ್ ಟನಲ್ ತೊಂದರೆ. ಮಣಿಕಟ್ಟಿನಲ್ಲಿ ಮೂಳೆ ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟು ದಾರಿಯಿದೆ. ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಅದರೊಳಗೇ ಹಾಯಬೇಕು. ಗರ್ಭಿಣಿಯ ಮೈಯಲ್ಲಿ ನೀರು ತುಂಬಿದಾಗ ಅಲ್ಲಿ ನರ ಅದುಮಿಹೋಗುತ್ತದೆ. ನಿದ್ದೆಯಲ್ಲಿ ಕೈ ಮಡಚಿಕೊಳ್ಳುವುದರಿಂದ ರಾತ್ರಿಯೇ ಕಾಟ ಹೆಚ್ಚು. ಅತ್ತೆಯವರ ಎಣ್ಣೆ ನೀವಿಕೆಗೆ ನನ್ನ ತಕರಾರಿಲ್ಲ, ಹಿತವಾಗಿರುತ್ತದೆ; ಒತ್ತಡ ಮಾತ್ರ ಇಳಿಯದು.

ಒತ್ತಡ ಇಳಿಸುವುದು ಮಣಿಕಟ್ಟಿನ ಸ್ಪ್ಲಿಂಟ್. ಔಷಧದಂಗಡಿಯಲ್ಲಿ ಸಿಗುತ್ತದೆ. ಕೈಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸದೆ ನೇರವಾಗಿಡುವಂಥದ್ದನ್ನೇ ಕೇಳಿ. ಬಿಗಿಯಾಗಿ ಕಟ್ಟದೆ ರಾತ್ರಿಯಿಡೀ ಹಾಕಿಕೊಳ್ಳಿ. ಎರಡೇ ದಿನಕ್ಕೆ ಬೇಸತ್ತು ಮೂಲೆಗೆಸೆಯುವವರೇ ಜಾಸ್ತಿ, ಎರಡು ಮೂರು ವಾರವಾದರೂ ಬಿಡದೆ ಹಾಕಿ. ಹೊಲಿಗೆಯ ನಡುವೆ ಆಗಾಗ ಕೈಗೆ ಬಿಡುವು ಕೊಡಿ, ಕತ್ತರಿ ಕೆಲಸವನ್ನು ಬೇರೆಯವರಿಗೆ ವಹಿಸಿ. ಸೀಮಂತದ ಬಳೆ, ಉಂಗುರ ಬಿಗಿಯಾಗುತ್ತಿದ್ದರೆ ಬಾವು ಏರುವ ಮೊದಲೇ ತೆಗೆದಿಡಿ, ಶಾಸ್ತ್ರಕ್ಕೆ ಒಂದೆರಡು ಸಡಿಲ ಬಳೆ ಸಾಕು. ಬಾವು ಇಳಿಯಲೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ.

ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ, ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅದು ಬೇರೆಯೇ ಸಂಗತಿ. ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೂ ಅಷ್ಟೇ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮುಂದಿನ ತಪಾಸಣೆಯಲ್ಲಿ ಕೇಳಿ ಮಾಡಿಸಿ. ಆ ತೊಂದರೆಗಳಿದ್ದರೂ ಈ ನರ ಬೇಗ ನಲುಗುತ್ತದೆ.

ಹೆರಿಗೆಯಾಗಿ ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ಇದು ತಾನಾಗಿ ಇಳಿಯುತ್ತದೆ. ಬಾಣಂತನದಲ್ಲಿ ಹಾಲೂಡಿಸುವಾಗ ಮಗುವಿನ ಭಾರವನ್ನು ಮಡಚಿದ ಮಣಿಕಟ್ಟಿನ ಮೇಲೆ ಬಿಡದೆ ದಿಂಬಿಗೆ ಕೊಡಿ. ಬೆರಳಿನ ಬಲ ಕುಂದುತ್ತಲೇ ಹೋದರೆ, ಹೆಬ್ಬೆರಳಿನ ಬುಡದ ಮಾಂಸ ಬತ್ತಿದಂತೆ ಕಂಡರೆ ಹೆರಿಗೆಯವರೆಗೂ ಕಾಯದೆ ಮೂಳೆ ಅಥವಾ ನರತಜ್ಞರಿಗೆ ತೋರಿಸಿ.