ಸೋದರಸೊಸೆಗೆ ಒಂದು ಕಾಗದ

 

ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡಿಸಿಕೊಳ್ಳುವಂತೆ ಕೆಂಗೇರಿಯ ವೈದ್ಯರು ಬರೆದುಕೊಟ್ಟ ಚೀಟಿಯನ್ನು ನೀನು ಯುಗಾದಿಯಿಂದಲೂ ಬೀರುವಿನಲ್ಲಿಯೇ ಇಟ್ಟಿರುವೆಯೆಂದು ನಿನ್ನ ತಾಯಿ ತಿಳಿಸಿದಳು. ಗದರಿಸುವ ಇಚ್ಛೆ ನನಗಿಲ್ಲ. ಸೊಂಟನೋವೆಂದು ಹೇಳಿಕೊಂಡು ಬಂದು, ಮಾತ್ರೆಯ ಚೀಟಿಯನ್ನೂ ಪಡೆದು, ಪರದೆಯನ್ನು ಸರಿಸಿ ಹೊರಡುವ ಗಳಿಗೆಯಲ್ಲಿ ನನ್ನ ಕಿವಿಯ ಬಳಿಗೆ ಬಾಗಿ, ‘ಸಿಸ್ಟರ್, ಬಿಳಿ ಹೋಗುತ್ತೆ, ಡಾಕ್ಟರ್ ಹತ್ತಿರ ಹೇಗೆ ಹೇಳೋದು?’ ಎಂದು ಪಿಸುಗುಟ್ಟಿದ ಹೆಂಗಸರನ್ನು, ಮಾಗಡಿ ರಸ್ತೆಯ ಕಾರ್ಖಾನೆಗಳ ಕೆಲಸದವರಿಂದ ಹಿಡಿದು ಬಸವೇಶ್ವರನಗರದ ಅಧ್ಯಾಪಕಿಯರವರೆಗೆ, ದಾದಿಯ ವೃತ್ತಿಯಲ್ಲಿಯೇ ತಲೆ ನರೆತ ನಾನು ಎಷ್ಟೋ ಮಂದಿಯನ್ನು ಬಲ್ಲೆ. ಅವರ ವಿದ್ಯೆ ಬೇರೆ ಬೇರೆ, ಸಂಕೋಚ ಒಂದೇ. ನನಗೆ ತೋರುವಂತೆ ಆ ಸಂಕೋಚದಲ್ಲಿ ಲಜ್ಜೆಯ ಪಾಲು ಅಲ್ಪ, ಏನು ನಡೆಯುವುದೋ ಎಂಬ ಭಯದ ಪಾಲೇ ಅಧಿಕ. ಯಾರಿರುವರು, ಏನು ಮಾಡುವರು, ಎಷ್ಟು ಹೊತ್ತು ಎಂಬುದನ್ನು ಮುಂಚಿತವಾಗಿ ವಿವರಿಸಿದ ದಿನ, ಅದೇ ಹೆಂಗಸು ಅದೇ ಮಂಚದ ಅಂಚನ್ನು ಬಿಗಿಹಿಡಿಯದೆ ಮಲಗುತ್ತಿದ್ದಳು.

ಆದಕಾರಣ ನಡೆಯುವುದನ್ನು ನಡೆಯುವಂತೆಯೇ ಬರೆಯುತ್ತೇನೆ. ಮುಟ್ಟು ನಿಂತ ಮೇಲೆ ಹೋಗು. ಹಿಂದಿನ ಎರಡು ದಿನ ದಾಂಪತ್ಯಸಂಗವೂ ಒಳಗಿಡುವ ಔಷಧವೂ ಕೂಡದು. ಮೂತ್ರವಿಸರ್ಜನೆ ಮಾಡಿಯೇ ಒಳಗೆ ಹೋಗತಕ್ಕದ್ದು. ಸೀರೆಯುಟ್ಟು ಹೋದರೆ ಒಳಉಡುಪನ್ನಷ್ಟೇ ತೆಗೆದರಾಯಿತು; ಚೂಡಿದಾರದ ಗೊಡವೆ ಆ ದಿನ ಬೇಡ. ಮಂಡಿ ಮಡಿಸಿ ಅಂಗಾತ ಮಲಗಿದ ಮೇಲೆ, ಬಾತುಕೋಳಿಯ ಕೊಕ್ಕಿನಾಕಾರದ ಸ್ಪೆಕ್ಯುಲಂ ಎಂಬ ಉಪಕರಣದಿಂದ ಯೋನಿಮಾರ್ಗವನ್ನು ಮೆಲ್ಲನೆ ಅಗಲಿಸಿ, ಸಣ್ಣದೊಂದು ಬ್ರಷ್ಷಿನಿಂದ ಕೊರಳಿನ ಮೇಲ್ಪದರದ ಜೀವಕೋಶಗಳನ್ನು ಸವರಿಕೊಳ್ಳುವರು. ತಣ್ಣಗೆನಿಸೀತು, ಒತ್ತಿದಂತಾದೀತು, ಆಗ ಬಾಯಿಯಿಂದ ದೀರ್ಘವಾಗಿ ಉಸಿರು ಬಿಟ್ಟರೆ ಬಿಗಿದ ಸ್ನಾಯು ಸಡಿಲುತ್ತದೆ. ಕೆಲವೇ ನಿಮಿಷಗಳ ಕಾರ್ಯ. ಅನಂತರ ಒಂದೆರಡು ಹನಿ ರಕ್ತ ಕಂಡರೆ ಗಾಬರಿಪಡಬೇಡ. ಈ ಪ್ಯಾಪ್ ಪರೀಕ್ಷೆಯನ್ನು ರೂಪಿಸಿದ ಪಾಪಾನಿಕೊಲಾವ್ ಎಂಬ ಗ್ರೀಕ್ ವೈದ್ಯನ ಪತ್ನಿ ಆಂಡ್ರೊಮಾಕಿ, ಗಂಡನ ಸಂಶೋಧನೆಗಾಗಿ ವರ್ಷಾನುಗಟ್ಟಲೆ ತಾನೇ ಈ ಪರೀಕ್ಷೆಗೆ ಒಡ್ಡಿಕೊಂಡಳಂತೆ. ನಿನಗೆ ಒಂದು ಬೆಳಗಿನ ಕೆಲಸ.

ಪುರುಷ ವೈದ್ಯರಾದಲ್ಲಿ ಜತೆಗೆ ಹೆಂಗಸೊಬ್ಬಳು ಇರತಕ್ಕದ್ದೆಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ಉಂಟು. ಕೈ ಅವಸರದಲ್ಲಿದ್ದು ಬಾಯಿ ಮೌನವಾಗಿರುವ ವೈದ್ಯರೂ ಲೋಕದಲ್ಲಿಲ್ಲದಿಲ್ಲ. ಅಂಥವರಿಗೆ ‘ಮೊದಲು ಹೇಳಿ, ಆಮೇಲೆ ಮಾಡಿ’ ಎನ್ನುವುದು ಉದ್ಧಟತನವಲ್ಲ. ನೋವಾದರೆ ‘ನಿಲ್ಲಿಸಿ’ ಎನ್ನು, ನಿಲ್ಲಿಸಬೇಕು.

ಈ ಸಂಕೋಚ ಹೊಸತಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನರು ‘ಕೇಳು ಕಿಶೋರಿ’ಯಲ್ಲಿ ದೇಹದ ವಿಷಯವನ್ನು ಹೆಣ್ಣುಮಕ್ಕಳಿಗೆ ತಿಳಿಗನ್ನಡದಲ್ಲಿ ಹೇಳಿದಾಗ, ಅದನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದವರನ್ನು ನಾನು ಬಲ್ಲೆ. ಆ ತಾಯಿ 1991ರಲ್ಲಿ ಕ್ಯಾನ್ಸರಿಗೇ ತುತ್ತಾದರು. ಗರ್ಭಕೊರಳಿನ ಕ್ಯಾನ್ಸರಾದರೋ ಮುನ್ಸೂಚನೆಯ ಬದಲಾವಣೆಗಳ ಹಂತದಿಂದ ರೋಗವಾಗಿ ಬಲಿಯಲು ಸಾಮಾನ್ಯವಾಗಿ ಎಷ್ಟೋ ವರ್ಷ ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಕಂಡುಹಿಡಿದರೆ ತಡೆಯಬಹುದು. ಮೂವತ್ತರಿಂದ ಅರವತ್ತೈದರವರೆಗಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ, ಅಸಿಟಿಕ್ ಆಮ್ಲದ ದ್ರಾವಣ ಸವರಿ ಕಣ್ಣಿನಿಂದಲೇ ನೋಡುವ ಸುಲಭ ತಪಾಸಣೆಯನ್ನು ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲಿ ಇಟ್ಟಿರುವುದೂ ಇದಕ್ಕಾಗಿಯೇ.

ನಿನ್ನ ಗಂಡನಿಗೆ ಇ.ಎಸ್.ಐ. ಸೌಲಭ್ಯವಿರುವುದಷ್ಟೆ? ಕೆಂಗೇರಿಯಲ್ಲಿ ಮುಖಪರಿಚಯದವರ ಸಂಕೋಚವಾದರೆ ಇಲ್ಲಿ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೇ ಬಾ, ನಾನು ಜತೆಗಿರುತ್ತೇನೆ. ನಿನ್ನ ಗಂಡನ ತಾಯಿಯವರಿಗೂ ಅರವತ್ತು ದಾಟಿಲ್ಲ. ಅವರನ್ನೂ ಕರೆದುಕೊಂಡು ಬಾ. ಮೊದಲು ಒಲ್ಲೆನೆಂದಾರು. ನಿನ್ನದು ಮುಗಿದ ಮೇಲೆ ಹೊರಗಿನ ಬೆಂಚಿನಲ್ಲಿ ಅವರ ಪಕ್ಕ ಕುಳಿತು, ಒಳಗೆ ಏನೇನಾಯಿತೆಂಬುದನ್ನು ನೀನೇ ವಿವರಿಸಿ ಹೇಳು.

ಇತಿ,
ನಿನ್ನ ಅತ್ತೆ