ಬೆಟ್ಟದ ಜ್ವರಕ್ಕೊಂದು ಲೆಕ್ಕದ ಪುಸ್ತಕ



ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ, ಹಾಕಿದ ಮೈಲುತುತ್ತು, ಕೂಲಿಗೆ ಕೊಟ್ಟ ಹಣ, ಇವೆಲ್ಲ ನಮ್ಮ ಲೆಕ್ಕದ ಪುಸ್ತಕದಲ್ಲಿ ಇರುತ್ತವೆ. ಮೈಗೆ ಬಂದ ಜ್ವರದ ಲೆಕ್ಕವನ್ನು ಮಾತ್ರ ನಾವು ಇಡುವುದಿಲ್ಲ. ಹಾಗೆ ಇಡದೆ ಹೋದದ್ದರಿಂದ ನಮ್ಮ ಮನೆಯಲ್ಲಿ ಒಂದು ಕಾಯಿಲೆಗೆ ಹೆಸರು ಸಿಗಲು ನಲವತ್ತು ದಿನ ಬೇಕಾಯಿತು. ಅದರಿಂದ ಕಲಿತ ಪಾಠವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಡೆದ ಸಂಗತಿ

2017ರ ಜನವರಿ ಕೊನೆಯ ವಾರ. ನಮ್ಮ ತೋಟ ಸಿರ್ಸಿಯ ಕಡೆ. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಲು ನಮ್ಮ ತಮ್ಮ ಇಬ್ಬರು ಆಳುಗಳೊಂದಿಗೆ ನಾಲ್ಕು ದಿನ ಹೋಗಿದ್ದ. ವಾರದೊಳಗೆ ಒಮ್ಮೆಲೇ ಜ್ವರ ಏರಿತು. ತಲೆ ಒಡೆದುಹೋಗುವಂಥ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಹಿಂಡುವ ನೋವು, ಕಣ್ಣು ಕೆಂಪು. ಹತ್ತಿರದ ದವಾಖಾನೆಯಲ್ಲಿ ವಿಡಾಲ್ ಪರೀಕ್ಷೆ ಮಾಡಿ ಟೈಫಾಯ್ಡ್ ಎಂದು ಔಷಧ ಕೊಟ್ಟರು. ಹತ್ತನೆಯ ದಿನ ಜ್ವರ ಬಿಟ್ಟಿತು. ಗುಣವಾಯಿತೆಂದು ನಾವೂ ನಂಬಿದೆವು.

ಎರಡು ವಾರ ಕಳೆದು ಜ್ವರ ಮತ್ತೆ ಬಂತು. ಈ ಸಲ ಕುತ್ತಿಗೆ ಬಿಗಿದಿತ್ತು, ಕೈ ನಡುಗುತ್ತಿತ್ತು. ವೀಳ್ಯದೆಲೆಗೆ ಸುಣ್ಣ ಹಚ್ಚಲೂ ಅವನಿಂದ ಆಗುತ್ತಿರಲಿಲ್ಲ. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕೇಶ್ವಾಪುರದಲ್ಲಿರುವ ಸೋದರತ್ತೆಯ ಮನೆಯಲ್ಲಿ ಉಳಿದೆವು. ಮೊದಲು ತೋರಿಸಿದ ಕಡೆ ಮಲೇರಿಯಾ, ಡೆಂಗ್ಯೂ ಪರೀಕ್ಷೆ ಮಾಡಿ ಎರಡೂ ಇಲ್ಲವೆಂದರು. ಎರಡನೆಯ ಕಡೆ, ರೋಗಿ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ, ನರದ ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು.

ಆ ರಾತ್ರಿ ಅತ್ತೆ ಒಂದು ಮಾತು ಹೇಳಿದರು: "ತಮ್ಮಾ, ದಿನಾ ಹಾಲಿನ ಲೆಕ್ಕ ಬರೀತೀವಿ. ಜ್ವರದ ಲೆಕ್ಕ ಬರಿಯಾಕ ಏನ್ ತ್ರಾಸ?" ಅವರ ಹಾಲಿನ ಪುಸ್ತಕದ ಹಿಂದಿನ ಹಾಳೆಗಳಲ್ಲೇ ಕುಳಿತು ಬರೆದೆವು. ಯಾವ ದಿನ ಬೆಟ್ಟಕ್ಕೆ ಹೋಗಿದ್ದು, ಯಾವ ದಿನ ಜ್ವರ ಬಂದಿದ್ದು, ಬಿಟ್ಟಿದ್ದು, ಮತ್ತೆ ಬಂದಿದ್ದು, ಏನೇನು ಔಷಧ ಕೊಟ್ಟಿದ್ದು. ಬರೆಯುತ್ತಿರುವಾಗ ತಮ್ಮನೇ ನೆನಪು ಮಾಡಿ ಹೇಳಿದ: ಬೆಟ್ಟದಿಂದ ಬಂದ ಮೇಲೆ ಸೊಂಟದ ಪಟ್ಟಿಯ ಕೆಳಗೆ ಎರಡು ಉಣುಗು ಕಿತ್ತು ಎಸೆದಿದ್ದ.

ಮೂರನೆಯ ವೈದ್ಯರು ಆ ಹಾಳೆಯನ್ನು ಎರಡು ಸಲ ಓದಿದರು. "ಅಲ್ಲೆ ಬೆಟ್ಟದಾಗ ಮಂಗ ಸತ್ತಿದ್ದು ಯಾರರ ನೋಡ್ಯಾರೇನ್ರೀ?" ಎಂದು ಕೇಳಿದರು. ನೋಡಿದ್ದರು. ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ರಕ್ತದ ಮಾದರಿಯನ್ನು ಸರಕಾರಿ ಪ್ರಯೋಗಶಾಲೆಗೆ ಕಳಿಸಿದರು. ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ ಎಂದು ಉತ್ತರ ಬಂತು.

ಇಲ್ಲಿ ವೈದ್ಯರನ್ನು ಮಾತ್ರ ದೂರಿದರೆ ನ್ಯಾಯವಾಗದು. ಬೆಟ್ಟದ ಮಾತನ್ನು ನಾವು ಯಾರ ಮುಂದೆಯೂ ಎತ್ತಿರಲಿಲ್ಲ. ಮಂಗನ ಕಾಯಿಲೆ ಎಂಬ ಹೆಸರು ಊರಿಗೆ ಬಂದರೆ ಆಳುಗಳು ತೋಟಕ್ಕೆ ಬರುವುದಿಲ್ಲ, ನೆಂಟರು ಮನೆಗೆ ಬರುವುದಿಲ್ಲ ಎಂಬ ಅಂಜಿಕೆ ಒಳಗೇ ಇತ್ತು. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂಬ ತಿಳಿವಳಿಕೆ ಇದ್ದಿದ್ದರೆ ಅಂಜುವ ಕಾರಣವೇ ಇರಲಿಲ್ಲ.

ಕಾಯಿಲೆಯ ಪರಿಚಯ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ ಬಂತು. ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ಮೊದಲು ಶಂಕಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ, ಇದು ಬೇರೆಯೇ ಒಂದು ವೈರಸ್, ಉಣುಗಿನಿಂದ ಬರುವಂಥದ್ದು ಎಂದು ಕಂಡುಹಿಡಿದರು. ಆ ಕಾಡಿನ ಹೆಸರೇ ರೋಗಕ್ಕೆ ಬಂತು. ಮುಂದೆ ಅದು ಸೊರಬದಲ್ಲಿ ಮಾತ್ರ ಉಳಿಯಲಿಲ್ಲ. 2012ರಲ್ಲಿ ಬಂಡೀಪುರದ ಕಡೆ, ಅನಂತರ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರಗಳಲ್ಲೂ ಕಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ, 2024ರಲ್ಲಿ ಸಿದ್ದಾಪುರ ಸೀಮೆಯಲ್ಲಿ ಪ್ರಾಣಹಾನಿಯಾಯಿತು.

ರೋಗ ಹರಡುವ ರೀತಿ ಹೀಗೆ. ಮಳೆಗಾಲ ಮುಗಿದ ಮೇಲೆ ಉಣುಗಿನ ಮರಿಗಳು ಹುಟ್ಟುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅವು ಗಸಗಸೆ ಕಾಳಿನಷ್ಟು ಸಣ್ಣ ಎಳೆಯ ಹಂತದಲ್ಲಿರುತ್ತವೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಈ ಹಂತದವೇ. ನಾವು ದರಕು ಗುಡಿಸುವುದು, ಸೊಪ್ಪು ಕಡಿಯುವುದು, ಸೌದೆ ತರುವುದು ಇದೇ ತಿಂಗಳುಗಳಲ್ಲಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲೂ ಉದುರುತ್ತವೆ. ಆ ಜಾಗ ಅಪಾಯದ್ದು. ದನಗಳಿಗೆ ಈ ರೋಗ ಬಾಧಿಸುವುದಿಲ್ಲ, ಆದರೆ ಅವುಗಳ ರಕ್ತ ಕುಡಿದು ಉಣುಗಿನ ಸಂತತಿ ಬೆಳೆಯುತ್ತದೆ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ, ರಕ್ತದಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ. ಬಹುಮಂದಿ ಎರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ಮಿದುಳಿನ ಲಕ್ಷಣಗಳೊಂದಿಗೆ ಮರಳುತ್ತದೆ. ನಮ್ಮ ತಮ್ಮನಿಗೆ ಆದದ್ದು ಅದೇ. ನೂರಕ್ಕೆ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ. ವೈರಸನ್ನು ಕೊಲ್ಲುವ ಔಷಧ ಇಲ್ಲ; ಆದರೆ ನೀರಿನ ಅಂಶ, ರಕ್ತದೊತ್ತಡ, ರಕ್ತಸ್ರಾವಗಳನ್ನು ಹೊತ್ತಿಗೆ ಸರಿಯಾಗಿ ನೋಡಿಕೊಂಡರೆ ಜೀವ ಉಳಿಯುತ್ತದೆ. 1990ರಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಕಂಡು 2022ರಲ್ಲಿ ನಿಲ್ಲಿಸಿದರು. ಆದುದರಿಂದ ಹಿಂದೆ ಸೂಜಿ ಹಾಕಿಸಿಕೊಂಡಿದ್ದೇವೆ ಎಂದು ಯಾರೂ ಮೈಮರೆಯಬಾರದು.

ಔಷಧವಿರುವ ಜ್ವರಗಳೂ ಉಂಟು

ಮಂಗನ ಕಾಯಿಲೆಗೆ ಔಷಧವಿಲ್ಲದಿದ್ದರೆ ಹೆಸರು ತಿಳಿದು ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ಪ್ರಯೋಜನ ದೊಡ್ಡದು. ಉಣುಗಿನಿಂದಲೇ ಬರುವ ಇನ್ನೊಂದು ಜ್ವರ ಉಣುಗು ಟೈಫಸ್. ಅದರಲ್ಲಿ ಅಂಗೈ ಅಂಗಾಲುಗಳಲ್ಲೂ ಕೆಂಪು ಗಂಧೆ ಏಳುವುದುಂಟು. ಹುಲ್ಲು ಪೊದೆಗಳಲ್ಲಿನ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವುದು ಸ್ಕ್ರಬ್ ಟೈಫಸ್. ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆ ಕಾಣುವುದುಂಟು. ಇವೆರಡಕ್ಕೂ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಇದೆ. ಹೊತ್ತಿಗೆ ಕೊಟ್ಟರೆ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಕೊಡದಿದ್ದರೆ ಪ್ರಾಣಕ್ಕೇ ಬರಬಹುದು. ಟೈಫಾಯ್ಡಿಗೆ ಕೊಡುವ ಹಲವು ಔಷಧಗಳು ಇವಕ್ಕೆ ತಾಗುವುದಿಲ್ಲ. ವಿಡಾಲ್ ಪರೀಕ್ಷೆ ಹಿಂದೆಂದೋ ಬಂದ ಸೋಂಕಿನಿಂದಲೂ ಪಾಸಿಟಿವ್ ಬರಬಹುದು. ಆದುದರಿಂದ ಅದೊಂದನ್ನೇ ನಂಬಿ ಕೂರಬಾರದು.

ರೋಗಿಯ ಮನೆಯವರ ಟಿಪ್ಪಣಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಇದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಲ್ಲಿ ಪಾಲಿ ಮರ್ರೆ ಎಂಬ ಗೃಹಿಣಿ ಇದ್ದರು. ಅವರಿಗೂ ಮನೆಯವರಿಗೂ ವರ್ಷಗಟ್ಟಲೆ ಕೀಲು ಬಾವು, ಜ್ವರ, ಗಂಧೆ. ವೈದ್ಯರಿಗೆ ಕಾರಣ ತಿಳಿಯಲಿಲ್ಲ. ಎಲ್ಲ ಮನಸ್ಸಿನದು ಎಂಬ ಮಾತನ್ನೂ ಅವರು ಕೇಳಬೇಕಾಯಿತು. ಅವರು ಬಿಡದೆ ಬರೆದಿಟ್ಟರು, ನೆರೆಹೊರೆಯಲ್ಲಿ ವಿಚಾರಿಸಿದರು, 1975ರಲ್ಲಿ ಆರೋಗ್ಯ ಇಲಾಖೆಗೆ ತಿಳಿಸಿದರು. ಯೇಲ್ ವಿಶ್ವವಿದ್ಯಾಲಯದ ವೈದ್ಯರು ಬಂದು ಅಭ್ಯಾಸ ಮಾಡಿದರು. ಅದೂ ಉಣುಗಿನ ರೋಗವೇ ಎಂದು ತಿಳಿಯಿತು. ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಅದರ ರೋಗಾಣುವನ್ನು ಪತ್ತೆಮಾಡಿದ್ದು 1982ರಲ್ಲಿ ಪ್ರಕಟವಾಯಿತು. ವಿದ್ಯಾವಂತ ವೈದ್ಯರಿಗೂ ದಾರಿ ತೋರಿಸಿದ್ದು ಒಬ್ಬ ತಾಯಿಯ ಬರವಣಿಗೆ.

ವೈದ್ಯರ ಮುಂದೆ ಹೇಳಬೇಕಾದದ್ದು

1. ಕೇಳುವ ಮೊದಲೇ ಹೇಳಿ: "ನಾವು ಬೆಟ್ಟಕ್ಕೆ ಹೋಗುವವರು, ಇಂಥ ದಿನ ಹೋಗಿದ್ದೆವು, ಉಣುಗು ಕಚ್ಚಿತ್ತು." ಹುಬ್ಬಳ್ಳಿ, ಮಂಗಳೂರು, ಬೆಂಗಳೂರುಗಳ ವೈದ್ಯರಿಗೆ ನಿಮ್ಮ ಊರಿನ ಬೆಟ್ಟ ಕಾಣುವುದಿಲ್ಲ, ನೀವು ಹೇಳಿದರೇ ಕಾಣುವುದು.

2. ಊರಲ್ಲಿ ಮಂಗ ಸತ್ತಿದ್ದರೆ, ಬೇರೆಯವರಿಗೂ ಜ್ವರವಿದ್ದರೆ ಅದನ್ನೂ ಹೇಳಿ.

3. ಜ್ವರದ ದಿನಗಳನ್ನು ಎಣಿಸಿ ಬರೆಯಿರಿ. ಪರೀಕ್ಷೆ ಯಾವುದೆಂಬುದು ದಿನದ ಮೇಲೆ ನಿಂತಿದೆ. ಮೊದಲ ದಿನಗಳಲ್ಲಿ ಆರ್.ಟಿ.ಪಿ.ಸಿ.ಆರ್. ಪರೀಕ್ಷೆಯಲ್ಲಿ ವೈರಸ್ ಸಿಗುತ್ತದೆ, ಅನಂತರ ಐ.ಜಿ.ಎಂ. ಎಂಬ ಪ್ರತಿಕಾಯದ ಪರೀಕ್ಷೆ ಬೇಕು.

4. ವಿನಯದಿಂದ ಕೇಳಿ: "ಇದು ಮಂಗನ ಕಾಯಿಲೆ ಇರಬಹುದೇ? ಸ್ಕ್ರಬ್ ಟೈಫಸ್ ಇರಬಹುದೇ? ಇಲಿಜ್ವರ ಇರಬಹುದೇ?" ಕೇಳುವುದು ಉದ್ಧಟತನವಲ್ಲ. ಮೈ ನಮ್ಮದು.

5. ಎಲ್ಲ ಚೀಟಿ, ವರದಿಗಳನ್ನು ಒಂದೇ ಚೀಲದಲ್ಲಿಡಿ. ದವಾಖಾನೆ ಬದಲಿಸಿದರೆ ಚೀಲವೂ ಜೊತೆಗೆ ಹೋಗಲಿ.

6. ಅಂಗಡಿಯಿಂದ ತಂದ ನೋವಿನ ಮಾತ್ರೆ ನುಂಗಬೇಡಿ. ರಕ್ತಸ್ರಾವದ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯವು ಅಪಾಯಕಾರಿ.

7. ಜ್ವರ ಬಿಟ್ಟ ಮೇಲೂ ಮೂರು ವಾರ ಲಕ್ಷ್ಯವಿರಲಿ. ತಲೆನೋವು, ನಡುಕ, ಮಂಪರು ಕಂಡರೆ ತಡಮಾಡಬೇಡಿ.

ಗುಣವಾದ ಮೇಲೆ

ಮನೆಗೆ ಮರಳಿದ ತಮ್ಮನಿಗೆ ಆರು ತಿಂಗಳು ಮೈಯಲ್ಲಿ ಕಸುವು ಇರಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು, ನಿದ್ರೆ ಇಲ್ಲ, ಮರೆವು. ಆ ವರ್ಷ ದೋಟಿ ಹಿಡಿಯಲಿಲ್ಲ. "ಸೋಮಾರಿಯಾದ" ಎಂದು ಆಡಿಕೊಂಡವರೂ ಇದ್ದರು. ಮಂಗನ ಕಾಯಿಲೆಯ ನಂತರದ ನಿಶ್ಶಕ್ತಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ ಎಂದು ವೈದ್ಯರು ಹೇಳಿದ ಮೇಲೆ ಮನೆಯವರೂ ಅವಸರ ಬಿಟ್ಟೆವು. ದಿನಕ್ಕೊಂದು ತಾಸು ಹಗುರ ಕೆಲಸದಿಂದ ಹೊರಟು ನಿಧಾನವಾಗಿ ಹೆಚ್ಚಿಸುತ್ತ ಹೋದ. ಮರು ವರ್ಷದ ಕೊಯ್ಲಿಗೆ ನಿಂತ.

ಬರೆಯಲೇಬೇಕಾದ ಇನ್ನೊಂದು ಮಾತಿದೆ. ತಮ್ಮನೊಂದಿಗೆ ದರಕು ಗುಡಿಸಿದ ಹೆಣ್ಣಾಳಿಗೂ ಅದೇ ವಾರ ಜ್ವರ ಬಂದಿತ್ತು. ಹನ್ನೊಂದು ದಿನ ಮನೆಯಲ್ಲೇ ಮಲಗಿ ಎದ್ದಳು. ಪುಣ್ಯಕ್ಕೆ ಎದ್ದಳು. ತಿಂಗಳುಗಳ ಮೇಲೆ ವಿಷಯ ತಿಳಿದು ಕೇಳಿದಾಗ, "ನಂಗೂ ಬಂದಿತ್ತು ಒಡೆಯಾ, ಯಾರೂ ಕೇಳ್ಲಿಲ್ಲ" ಎಂದಳು. ನಮ್ಮವನಿಗೆ ಹುಬ್ಬಳ್ಳಿ ಇತ್ತು, ಕೇಶ್ವಾಪುರದ ಅತ್ತೆ ಇದ್ದರು. ಅವಳಿಗೆ ಕೇಳುವವರು ನಾವಾಗಬೇಕಿತ್ತು. ಈಗ ನಮ್ಮ ಪುಸ್ತಕದಲ್ಲಿ ಬೆಟ್ಟಕ್ಕೆ ಹೋದ ಪ್ರತಿಯೊಬ್ಬರ ಹೆಸರಿಗೂ ಒಂದು ಸಾಲು ಉಂಟು. ಹತ್ತು ದಿನ ಅವರ ಮೈ ಹೇಗಿದೆ ಎಂದು ಕೇಳಿ ಬರೆಯುತ್ತೇವೆ.

ಬೆಟ್ಟಕ್ಕೆ ಹೋಗುವ ಮುನ್ನ

ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಧರಿಸಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ದರಕಿನ ರಾಶಿಯ ಮೇಲೆ ಕೂರಬೇಡಿ, ಮಲಗಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರು ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿ ತಾಗಿಸುವುದು, ಬೆರಳಲ್ಲಿ ಹಿಸುಕುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಯರಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅದೇ ದಿನ ತಿಳಿಸಿ.

ಈ ಸಲ ದರಕಿನ ಕೆಲಸ ಸುರುವಾಗುವ ಮೊದಲು ತೋಟದ ಪುಸ್ತಕದಲ್ಲಿ ಒಂದು ಹಾಳೆಯನ್ನು ಇದಕ್ಕೆಂದು ಬಿಡಿ. ಮೇಲೆ ದಿನಾಂಕ, ಕೆಳಗೆ ಹೋದವರ ಹೆಸರು. ಜ್ವರ ಬಾರದಿದ್ದರೆ ಹಾಳೆ ಖಾಲಿ ಉಳಿಯಲಿ, ನಷ್ಟವೇನಿಲ್ಲ. ಬಂದರೆ ಆ ಹಾಳೆಯನ್ನೇ ವೈದ್ಯರ ಮುಂದಿಡಿ.