ಸಂಘದ ವ್ಯಾನು, ಅದರ ಬ್ರೇಕು



ನಮ್ಮ ಕಲಿಕಾ ಕೇಂದ್ರ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಇಲ್ಲಿ ಓದುವ ಹದಿನಾಲ್ಕು ಅಕ್ಕಂದಿರೂ ಊರಿನ ಮಹಿಳಾ ಸಂಘದವರು. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಮುರುಗಲ ಸಿಪ್ಪೆ ಮಾಡಿ ಮಾರುತ್ತಾರೆ. ಮಾರಲು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು. ಬಸ್ಸಿಗೆ ಮೂಟೆ ಹೇರುವುದು, ಇಳಿಸುವುದು ಬಹಳ ಕಷ್ಟ. ಅದಕ್ಕೇ ಸಂಘದ ಉಳಿತಾಯದ ಹಣದಲ್ಲಿ ಒಂದು ಹಳೆಯ ವ್ಯಾನು ಕೊಂಡೆವು.

ವ್ಯಾನು ನೋಡಲು ಚೆಂದ ಇತ್ತು. ಹೊಸ ಬಣ್ಣ. ಹೊಸ ಸೀಟು ಕವರು. ಕನ್ನಡಿಗೆ ಒಂದು ಮಣಿಸರ ಬೇರೆ. ಎಲ್ಲರೂ ಹತ್ತಿ ಊರೊಳಗೆ ಒಂದು ಸುತ್ತು ಬಂದೆವು. ಬ್ರೇಕು ಒತ್ತಿದರೆ ಗಾಡಿ ನಿಲ್ಲುತ್ತಿತ್ತು. ಮಾರಿದವರು ಒಂದು ಕಾಗದ ಮುಂದಿಟ್ಟರು. ಖಜಾಂಚಿ ಅಕ್ಕ ಸಹಿ ಹಾಕಿದರು. ಹೆಬ್ಬೆಟ್ಟಲ್ಲ, ಸಹಿ! ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಆ ಕಾಗದದಲ್ಲಿ ಏನಿದೆ ಎಂದು ಯಾರೂ ಓದಲಿಲ್ಲ. ಓದು ಕಲಿಸುವ ನಾವೂ ಓದಲಿಲ್ಲ. ಆ ಮಾತು ಮುಂದೆ ಬರುತ್ತದೆ.

ಎರಡು ವಾರ ಗಾಡಿ ಊರಿಗೂ ಶಿರಸಿಗೂ ಓಡಾಡಿತು. ಆಮೇಲೆ ಕುಮಟಾ ಸಂತೆಗೆ ಹೋಗುವ ದಿನ ಗೊತ್ತಾಯಿತು. ಶಾಲೆಗೆ ರಜೆ ಇತ್ತು. ಮಕ್ಕಳೂ ಸಮುದ್ರ ನೋಡಲು ಬರುತ್ತೇವೆ ಎಂದು ಕುಣಿಯುತ್ತಿದ್ದರು. ಹಿಂದಿನ ಸಂಜೆ ಒಬ್ಬ ಅಕ್ಕ ಗಾಡಿ ತೊಳೆದರು. ತೊಳೆದ ನೀರು ಆರಿತು. ಆದರೆ ಹಿಂದಿನ ಎಡ ಚಕ್ರದ ಒಳಮೈ ಮಾತ್ರ ಒದ್ದೆಯಾಗಿಯೇ ಇತ್ತು. ಮುಟ್ಟಿದರೆ ಬೆರಳು ಜಾರುತ್ತಿತ್ತು.

ಅವರು ಚಕ್ರದ ಕೆಳಗೆ ಒಂದು ರಟ್ಟು ಇಟ್ಟರು. ಬೆಳಿಗ್ಗೆ ನೋಡಿದರೆ ರಟ್ಟಿನ ಮೇಲೆ ರೂಪಾಯಿ ಅಗಲದ ಕಲೆ.

ಗಾಡಿ ಓಡಿಸುವ ತಮ್ಮ ನಕ್ಕುಬಿಟ್ಟ. "ಹಳೆ ಗಾಡಿ ಅಕ್ಕ, ಸ್ವಲ್ಪ ಸೋರ್ತದೆ. ಏನೂ ಆಗೂದಿಲ್ಲ."

"ಸೋರೂದು ಏನು ಅಂತ ಗೊತ್ತಾಗೂ ತನಕ ನಾ ಹತ್ತೂದಿಲ್ಲ. ಮಕ್ಳನ್ನೂ ಹತ್ಸೂದಿಲ್ಲ."

ಸಂತೆಯ ಹೊತ್ತು ಮೀರುತ್ತಿತ್ತು. ಕೆಲವರಿಗೆ ಸಿಟ್ಟೂ ಬಂತು. ಆ ಅಕ್ಕ ಮಾತ್ರ ರಟ್ಟು ಹಿಡಿದುಕೊಂಡು ಗಾಡಿಯ ಮುಂದೆ ನಿಂತೇ ಇದ್ದರು. ಕಡೆಗೆ ಮೂಟೆಗಳು ಬಸ್ಸಿಗೆ ಹೋದವು. ಶಿರಸಿಯಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದೆವು.

ಮೇಸ್ತ್ರಿ ಎಡಗಡೆಯ ಹಿಂದಿನ ಚಕ್ರ ಬಿಚ್ಚಿದರು. ಒಳಗೆಲ್ಲ ಬ್ರೇಕ್ ಆಯಿಲ್ ಸೋರಿ, ಬ್ರೇಕ್ ಶೂ ನೆನೆದುಹೋಗಿತ್ತು. ಆಮೇಲೆ ಬಲಗಡೆಯ ಚಕ್ರ ನೋಡಿದರು. ಅಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಸೋರುವುದು ಹೇಗೆ? ಆ ಚಕ್ರಕ್ಕೆ ಹೋಗುವ ಸಣ್ಣ ಲೋಹದ ಪೈಪನ್ನು ಯಾರೋ ಮಡಚಿ, ಸುತ್ತಿಗೆಯಿಂದ ಜಜ್ಜಿ ಮುಚ್ಚಿದ್ದರು! ಮೊದಲು ಆ ಚಕ್ರವೂ ಸೋರಿರಬೇಕು. ಭಾಗ ಬದಲಿಸುವ ಖರ್ಚು ಉಳಿಸಲು ದಾರಿಯನ್ನೇ ಮುಚ್ಚಿದ್ದಾರೆ. ಹ್ಯಾಂಡ್ ಬ್ರೇಕ್ ಎಳೆದರೆ ಮುಂದೆ ಒಂದು ಕೆಂಪು ದೀಪ ಹತ್ತಬೇಕು. ಅದೂ ಹತ್ತಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಬಲ್ಬೇ ಇಲ್ಲ.

"ಅಕ್ಕೋರೆ, ಈ ಗಾಡಿಗೆ ಹಿಂದೆ ಬ್ರೇಕೇ ಇಲ್ಲ" ಎಂದರು ಮೇಸ್ತ್ರಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗಾದರೆ ಇಷ್ಟು ದಿನ ಗಾಡಿ ನಿಂತದ್ದು ಹೇಗೆ? ಇದನ್ನು ತಿಳಿಯಲು ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು. ಆ ರಾತ್ರಿ ಕೇಂದ್ರದಲ್ಲಿ ಅದೇ ಪಾಠ ಮಾಡಿದೆವು.

ಬೀಸುವ ಕಲ್ಲು ತಿರುಗುತ್ತಿದೆ ಎನ್ನಿ. ಅಂಗೈ ಒತ್ತಿ ಹಿಡಿದರೆ ನಿಲ್ಲುತ್ತದೆ. ಚಕ್ರದೊಳಗಿನ ಬ್ರೇಕ್ ಶೂ ಆ ಅಂಗೈ ಇದ್ದ ಹಾಗೆ. ಆದರೆ ನಮ್ಮ ಕಾಲು ಇರುವುದು ಪೆಡಲಿನ ಮೇಲೆ, ಚಕ್ರ ಇರುವುದು ದೂರ. ಕಾಲಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಪೈಪಿನೊಳಗಿನ ಎಣ್ಣೆ. ಪಿಚಕಾರಿಯ ದಂಡ ಒತ್ತಿದರೆ ನೀರು ಆ ತುದಿಯಲ್ಲಿ ಚಿಮ್ಮುತ್ತದಲ್ಲ, ಹಾಗೆ. ಪೈಪು ಮುಚ್ಚಿದರೆ ಬಲ ಚಕ್ರಕ್ಕೆ ಹೋಗುವುದೇ ಇಲ್ಲ.

ಪೈಪಿನಲ್ಲಿ ಗಾಳಿ ಸೇರಿದರೂ ಕಷ್ಟ. ಒಂದು ಪ್ಲಾಸ್ಟಿಕ್ ಬಾಟಲಿಗೆ ಕಂಠದವರೆಗೆ ನೀರು ತುಂಬಿ, ಮುಚ್ಚಳ ಬಿಗಿದು ಹಿಸುಕಿ ನೋಡಿ. ಗಟ್ಟಿ ಇರುತ್ತದೆ. ಅರ್ಧ ನೀರು ಚೆಲ್ಲಿ, ಮತ್ತೆ ಮುಚ್ಚಿ ಹಿಸುಕಿ. ಮೆತ್ತಗೆ ಒಳಗೆ ಹೋಗುತ್ತದೆ. ಗಾಳಿ ಸೇರಿದ ಬ್ರೇಕೂ ಹೀಗೆ ಮೆತ್ತಗಾಗುತ್ತದೆ.

ಈಗಿನ ಗಾಡಿಗಳಲ್ಲಿ ಎಣ್ಣೆಗೆ ಎರಡು ಬೇರೆ ಬೇರೆ ದಾರಿ ಇರುತ್ತವೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ನಮ್ಮ ವ್ಯಾನು ಮುಂದಿನ ಎರಡು ಚಕ್ರದ ಬಲದಿಂದಲೇ ನಿಲ್ಲುತ್ತಿತ್ತು. ಸಮತಟ್ಟು ರಸ್ತೆ, ನಿಧಾನ ಓಟ, ಕಡಿಮೆ ಭಾರ. ಹಾಗಾಗಿ ಗೊತ್ತಾಗಲಿಲ್ಲ. ಘಟ್ಟದಲ್ಲಿ ಹಾಗಲ್ಲ. ಮೂಟೆಯ ಭಾರ, ಜನರ ಭಾರ, ತಿರುವಿನ ಮೇಲೆ ತಿರುವು. ಚಾಲಕ ಮತ್ತೆ ಮತ್ತೆ ಬ್ರೇಕು ಒತ್ತುತ್ತಾನೆ. ಅಂಗೈ ತಿಕ್ಕಿದರೆ ಬಿಸಿಯಾಗುವ ಹಾಗೆ ಬ್ರೇಕೂ ಬಿಸಿಯಾಗುತ್ತದೆ. ನಾಲ್ಕು ಚಕ್ರದ ಕೆಲಸ ಎರಡೇ ಮಾಡಿದರೆ ಅವು ಇನ್ನೂ ಹೆಚ್ಚು ಕಾಯುತ್ತವೆ.

ಕಾದ ಎಣ್ಣೆ ಕುದಿಯಬಹುದು. ಬ್ರೇಕ್ ಎಣ್ಣೆಯ ಡಬ್ಬಿಯ ಮೇಲೆ ‘ಡಾಟ್ 3’ ಅಥವಾ ‘ಡಾಟ್ 4’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹೊಸ ಡಾಟ್ 3 ಎಣ್ಣೆ 205 ಡಿಗ್ರಿಯವರೆಗೂ ಕುದಿಯಬಾರದು ಎಂಬ ನಿಯಮ ಇದೆ. ನೀರು ಕುದಿಯುವುದು 100 ಡಿಗ್ರಿಗೆ. ಆದರೆ ಈ ಎಣ್ಣೆಗೆ ಒಂದು ಗುಣ ಇದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದನ್ನು ನೀವು ನೋಡಿದ್ದೀರಿ. ಉಪ್ಪಿನ ಹಾಗೆ ಈ ಎಣ್ಣೆಯೂ ಗಾಳಿಯ ತೇವ ಹೀರುತ್ತದೆ. ನೂರಕ್ಕೆ ಮೂರು ನಾಲ್ಕು ಪಾಲು ನೀರು ಸೇರಿದರೆ ಸಾಕು, 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಆವಿ ಏಳುತ್ತದೆ. ಆವಿಯೂ ಗಾಳಿಯ ಹಾಗೆಯೇ. ಪೆಡಲು ಮೆತ್ತಗೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ಘಟ್ಟದ ತಿರುವಿನಲ್ಲಿ 11 ಮೀಟರ್ ಎಂದರೆ ಎಷ್ಟು, ನೀವೇ ಅಂದಾಜು ಮಾಡಿ.

ಡಬ್ಬಿಯ ಮಾತು ಬಂತು. ಬ್ರೇಕಿಗೆ ಇಂಜಿನ್ ಆಯಿಲ್ ಆಗಲಿ, ಸೀಮೆಎಣ್ಣೆ ಆಗಲಿ ಹಾಕಬಾರದು. ಒಳಗಿನ ರಬ್ಬರು ಉಬ್ಬಿ ಹಾಳಾಗುತ್ತದೆ. ಬ್ರೇಕ್ ಎಣ್ಣೆ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ. ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ.

ರಿಪೇರಿಗೆ 7,400 ರೂಪಾಯಿ ಆಯಿತು. ಹಿಂದಿನ ಎರಡೂ ಚಕ್ರಕ್ಕೆ ಹೊಸ ಸಿಲಿಂಡರು, ಹೊಸ ಶೂ, ಹೊಸ ಪೈಪು, ಹೊಸ ಎಣ್ಣೆ. ಶೂ ಒಂದೇ ಕಡೆ ಬದಲಿಸಬಾರದು, ಬ್ರೇಕು ಒಂದೇ ಬದಿಗೆ ಎಳೆಯುತ್ತದೆ ಎಂದರು ಮೇಸ್ತ್ರಿ. ಯಾವ ಭಾಗ, ಎಷ್ಟು ಬೆಲೆ ಎಂದು ಬಿಲ್ಲಿನಲ್ಲಿ ಬರೆಸಿಕೊಂಡೆವು. ತೆಗೆದ ಹಳೆಯ ಭಾಗಗಳನ್ನೂ ಕೇಳಿ ತಂದೆವು.

ಜಜ್ಜಿದ ಪೈಪು ಹಿಡಿದುಕೊಂಡು ಗಾಡಿ ಮಾರಿದವರ ಮನೆಗೆ ಹೋದೆವು. "ನಾ ತಗೊಂಡಾಗ್ಲೂ ಹಾಗೇ ಇತ್ತು" ಎಂದರು. ಆಮೇಲೆ ನಾವು ಸಹಿ ಹಾಕಿದ ಕಾಗದ ತೋರಿಸಿದರು. ಖಜಾಂಚಿ ಅಕ್ಕ ಈ ಸಲ ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. "ಗಾಡಿಯನ್ನು ಇದ್ದ ಸ್ಥಿತಿಯಲ್ಲಿಯೇ ಒಪ್ಪಿ ಖರೀದಿಸಿರುತ್ತೇವೆ." ಓದಿ ಮುಗಿಸಿ ನಮ್ಮ ಮುಖ ನೋಡಿದರು. ನಮಗೆ ತಲೆ ಎತ್ತಲು ಆಗಲಿಲ್ಲ. ತುಂಬ ಮಾತಾದ ಮೇಲೆ ಮಾರಿದವರು 2,000 ರೂಪಾಯಿ ಕೊಟ್ಟರು. ಉಳಿದದ್ದು ಸಂಘದ ಖರ್ಚು. ನಮಗೆ ಅದು ನ್ಯಾಯ ಎನಿಸಲಿಲ್ಲ.

ಈಗ ಪಕ್ಕದ ಊರಿನ ಸಂಘದವರೂ ಹಳೆಯ ಗಾಡಿ ನೋಡುತ್ತಿದ್ದಾರೆ. ನಮ್ಮ ಅಕ್ಕಂದಿರನ್ನು ಜೊತೆಗೆ ಕರೆದಿದ್ದರು. ಇವರು ಸೀಟು, ಬಣ್ಣ ನೋಡಲಿಲ್ಲ. ಮೊದಲು ನಾಲ್ಕೂ ಚಕ್ರದ ಒಳಮೈಗೆ ಟಾರ್ಚು ಹಿಡಿದರು. ಎಣ್ಣೆಯ ಡಬ್ಬಿ ನೋಡಿದರು. ಡಬ್ಬಿಯ ಮೇಲೆ ಎರಡು ಗೆರೆ ಇರುತ್ತವೆ, ಎಣ್ಣೆ ಅವುಗಳ ನಡುವೆ ಇರಬೇಕು. ಹೊಸ ಎಣ್ಣೆ ತಿಳಿ ಬಣ್ಣದ್ದು. ಕಷಾಯದ ಹಾಗೆ ಕಪ್ಪಾಗಿದ್ದರೆ ಹಳೆಯದು. ಆಮೇಲೆ ಒಬ್ಬರು ಸೀಟಿನಲ್ಲಿ ಕುಳಿತರು. ಇಂಜಿನ್ ಚಾಲೂ ಇಟ್ಟು, ಬ್ರೇಕು ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿದರು. ಪೆಡಲು ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ ಎಂದು ಅರ್ಥ. ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾದರೂ ಅನುಮಾನ ಪಡಬೇಕು. ಖಾಲಿ ಬಯಲಿನಲ್ಲಿ ನಿಧಾನ ಓಡಿಸಿ ಬ್ರೇಕು ಹಾಕಿಸಿದರು. ಗಾಡಿ ಒಂದು ಬದಿಗೆ ಎಳೆಯಬಾರದು. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಸಿದರು.

ಆದರೆ ನಮ್ಮ ಗಾಡಿಯಲ್ಲಿ ಜಜ್ಜಿದ ಪೈಪು ಇದ್ದಾಗಲೂ ಪೆಡಲು ಗಟ್ಟಿಯಾಗಿಯೇ ಇತ್ತು. ಸೋರುವ ದಾರಿ ಮುಚ್ಚಿದರೆ ಪೆಡಲು ಗಟ್ಟಿ ಆಗುತ್ತದೆ. ಅಂಥ ಮೋಸ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಆ ಊರಿನವರಿಗೆ, ದುಡ್ಡು ಕೊಡುವ ಮೊದಲೇ ನಿಮ್ಮ ನಂಬಿಕೆಯ ಮೇಸ್ತ್ರಿಯಿಂದ ನಾಲ್ಕೂ ಚಕ್ರ ಬಿಚ್ಚಿಸಿ ನೋಡಿ ಎಂದು ನಮ್ಮವರು ಹೇಳಿ ಬಂದರು.

ನಮ್ಮ ವ್ಯಾನು ಈಗ ಘಟ್ಟ ಇಳಿಯುತ್ತದೆ. ಇಳಿಯುವಾಗ ತಮ್ಮ ಎರಡನೇ ಗೇರಿನಲ್ಲಿ ಬರುತ್ತಾನೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಹಿಂದಿನ ಸೀಟಿನಿಂದಲೇ ಬೈಗುಳ ಬರುತ್ತದೆ. ಸ್ಟಿಯರಿಂಗಿನ ಹತ್ತಿರ ಒಂದು ಚೀಟಿ ಅಂಟಿಸಿದ್ದೇವೆ. ಬ್ರೇಕ್ ಎಣ್ಣೆ ಬದಲಿಸಿದ ದಿನ, ಎರಡು ವರ್ಷದ ನಂತರ ಮತ್ತೆ ಬದಲಿಸಬೇಕಾದ ದಿನ, ಎರಡೂ ಅದರಲ್ಲಿವೆ. ಬರೆದವರು ರಟ್ಟು ಇಟ್ಟ ಅಕ್ಕ. ‘ಎಣ್ಣೆ’ ಪದಕ್ಕೆ ಅವರು ಮೊದಲು ಒತ್ತು ಬಿಟ್ಟಿದ್ದರು. ಆಮೇಲೆ ತಾವೇ ನೋಡಿ ತಿದ್ದಿದರು.